ಸಣ್ಣ ಕಿವಿಯ ಮಗು

ಮನೆಯಲ್ಲಿ ಮಗು ಹುಟ್ಟಿದೊಡನೆ ಹಿರಿಯರು ಕೈಕಾಲುಗಳ ಬೆರಳನ್ನು ಎಣಿಸುತ್ತಾರೆ. ಕಿವಿಯನ್ನು ಎಣಿಸುವವರು ಕಡಿಮೆ. ಆದುದರಿಂದಲೇ ತಲೆಯ ಬಟ್ಟೆಯನ್ನು ಸರಿಸಿದಾಗ ಒಂದು ಪಕ್ಕದಲ್ಲಿ ಕಿವಿಯ ಬದಲು ನೆಲಗಡಲೆಯ ಆಕಾರದ ಮಾಂಸದ ಮಡಿಕೆಯೊಂದು ಮಾತ್ರ ಕಂಡರೆ ಮನೆಗೆ ಮನೆಯೇ ಕ್ಷಣಕಾಲ ಮೂಕವಾಗುತ್ತದೆ. ಆಮೇಲೆ ಹೊರಡುವ ಮೊದಲ ಪ್ರಶ್ನೆ ವೈದ್ಯರಿಗಲ್ಲ, ಬಾಣಂತಿಗೆ: “ಗ್ರಹಣದ ದಿನ ಹೊರಗೆ ಬಂದದ್ದುಂಟಾ? ಕತ್ತಿ ಮುಟ್ಟಿದ್ದುಂಟಾ?”

ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲಿನ ಕಕ್ಕಿಂಜೆಯಾಗಲಿ, ಬೆಂಗಳೂರಿನ ಬಸವನಗುಡಿಯಾಗಲಿ, ಈ ಪ್ರಶ್ನೆಗೆ ಊರಭೇದವಿಲ್ಲ. ಉತ್ತರವೂ ಎಲ್ಲೆಡೆ ಒಂದೇ. ಭ್ರೂಣಕ್ಕೆ ಐದಾರು ವಾರಗಳಾಗುವ ಹೊತ್ತಿಗೆ, ಎಷ್ಟೋ ಹೆಂಗಸರಿಗೆ ಬಸಿರು ನಿಂತಿತೆಂಬುದು ಆಗತಾನೇ ತಿಳಿದಿರುವಾಗ, ಕಿವಿಯ ಜಾಗದಲ್ಲಿ ಆರು ಪುಟ್ಟ ಗುಬುಟುಗಳು ಮೂಡುತ್ತವೆ. ಅವು ಒಂದರೊಡನೊಂದು ಕೂಡಿ ಹೊರಗಿವಿಯಾಗಬೇಕು. ಕೆಲವೊಮ್ಮೆ ಆ ಕೂಡಿಕೆ ಅರ್ಧಕ್ಕೇ ನಿಲ್ಲುತ್ತದೆ. ಗರ್ಭಿಣಿ ಸೇವಿಸಿದ ಕೆಲವು ಔಷಧಿಗಳು ಇದಕ್ಕೆ ಕಾರಣವಾಗಬಲ್ಲವೆಂಬುದು ತಿಳಿದಿದೆ. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಅವುಗಳಲ್ಲೊಂದು. ಆದರೆ ಹೆಚ್ಚಿನ ಮಕ್ಕಳಲ್ಲಿ ಕಾರಣ ಇಂಥದೇ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಗ್ರಹಣದ ಸೂರ್ಯನೂ ಅಡುಗೆಮನೆಯ ಕತ್ತಿಯೂ ನಿರಪರಾಧಿಗಳು. ತಾಯಿಯಂತೂ ಸರಿಯೇ ಸರಿ. ವೈದ್ಯರು ಮೈಕ್ರೋಷಿಯಾ ಎಂದು ಕರೆಯುವ ಈ ಸ್ಥಿತಿ ಸ್ಥೂಲವಾಗಿ ಆರೆಂಟು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಹುಡುಗರಲ್ಲಿ ಹೆಚ್ಚು, ಬಲಗಡೆಯಲ್ಲಿ ಹೆಚ್ಚು.

ತಂದೆತಾಯಿಗಳ ಕಣ್ಣು ಕಿವಿಯ ರೂಪದ ಮೇಲೆ ನೆಟ್ಟಿರುತ್ತದೆ. ವೈದ್ಯರ ಗಮನ ಮೊದಲು ಹೋಗುವುದು ಶ್ರವಣದ ಕಡೆಗೆ. ಇಂಥ ಮಕ್ಕಳಲ್ಲಿ ಬಹುಮಂದಿಗೆ ಆ ಪಕ್ಕದ ಕಿವಿಯ ನಾಳವೇ ಮುಚ್ಚಿರುತ್ತದೆ. ಆದರೆ ಒಳಗಿವಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಬಾಗಿಲು ಹಾಕಿದ ಮನೆಯೊಳಗೆ ಯಜಮಾನ ಎಚ್ಚರವಾಗಿದ್ದಂತೆ. ಒಂದು ಕಿವಿ ಚೆನ್ನಾಗಿದ್ದರೆ ಮಗು ಮಾತು ಕಲಿಯುತ್ತದೆ. ಆದರೆ ಶಬ್ದ ಯಾವ ದಿಕ್ಕಿನಿಂದ ಬಂದಿತೆಂದು ತಿಳಿಯುವುದು ಅದಕ್ಕೆ ಕಷ್ಟ. ಘಾಟಿ ಇಳಿದು ಬರುವ ಲಾರಿಯ ಹಾರನ್ನು ಕೇಳಿ ಯಾವ ಕಡೆಗೆ ಸರಿಯಬೇಕೆಂದು ತೋಚದ ಮಗುವಿಗೆ ರಸ್ತೆ ದಾಟುವುದನ್ನು ಪ್ರತ್ಯೇಕವಾಗಿ ಕಲಿಸಬೇಕು. ಶಾಲೆಯಲ್ಲಿ ಒಳ್ಳೆಯ ಕಿವಿ ಉಪಾಧ್ಯಾಯರ ಕಡೆಗಿರುವಂತೆ ಕೂರಿಸಬೇಕು. ಆ ಒಂದು ಕಿವಿಗೆ ಶೀತವಾಗಿ ಸೋರತೊಡಗಿದರೆ ತಡಮಾಡಲಾಗದು. ಎರಡೂ ಕಡೆ ಮುಚ್ಚಿರುವ ಮಗುವಿಗಂತೂ ತಲೆಯ ಪಟ್ಟಿಯಲ್ಲಿ ಸಿಕ್ಕಿಸಿ ಎಲುಬಿನ ಮೂಲಕ ಶಬ್ದವನ್ನು ಒಳಗೆ ಮುಟ್ಟಿಸುವ ಶ್ರವಣಯಂತ್ರ ಮೊದಲ ತಿಂಗಳುಗಳಲ್ಲಿಯೇ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗಳಿಗೆ ಹೆಸರಾದುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಹುಟ್ಟುಕಿವುಡೂ ಸೇರಿದೆ; ಅಂಗನವಾಡಿಗೆ ಬರುವ ತಂಡಕ್ಕೆ ಮಗುವನ್ನು ಮರೆಮಾಡದೆ ತೋರಿಸುವುದು ಲೇಸು.

ಇನ್ನು ರೂಪದ ಮಾತು. ಕಿವಿಯನ್ನು ಕಟ್ಟುವ ವಿದ್ಯೆ ಈ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಹರಿದ ಕಿವಿಯ ಹಾಲೆಯನ್ನು ಜೋಡಿಸುವ 15 ವಿಧಾನಗಳನ್ನು ಹೇಳಿದೆ. ಹಾಲೆಯೇ ಇಲ್ಲದವನಿಗೆ ಕೆನ್ನೆಯ ಜೀವಂತ ಮಾಂಸವನ್ನೆತ್ತಿ ಹಾಲೆ ಮಾಡುವ ಕ್ರಮವನ್ನೂ ಹೇಳಿದೆ. ಆದರೆ ಹಾಲೆ ಬೇರೆ, ಸುರುಳಿ ಮಡಿಕೆಗಳ ಇಡೀ ಕಿವಿ ಬೇರೆ. 1920ರಲ್ಲಿ ಹೆರಾಲ್ಡ್ ಗಿಲ್ಲೀಸ್ ಎಂಬ ಶಸ್ತ್ರವೈದ್ಯರು ಪಕ್ಕೆಲುಬಿನ ತುದಿಯ ಮೃದ್ವಸ್ಥಿಯನ್ನು ಕೆತ್ತಿ ಚರ್ಮದಡಿಯಲ್ಲಿ ಹುದುಗಿಸಿ ನೋಡಿದರು. 1959ರಲ್ಲಿ ಅಮೇರಿಕದ ರಾಡ್‌ಫರ್ಡ್ ಟ್ಯಾಂಜರ್ ಆ ದಾರಿಯನ್ನು ಭದ್ರಪಡಿಸಿದರು. ಬರ್ಟ್ ಬ್ರೆಂಟ್ ಅದನ್ನು ತಿದ್ದಿದರು. ಜಪಾನಿನ ಸತೋರು ನಗಾತಾ ಎರಡೇ ಹಂತಗಳಲ್ಲಿ ಮುಗಿಯುವ ಕ್ರಮವನ್ನು ರೂಪಿಸಿದರು. ಇಂದಿಗೂ ಹೆಚ್ಚಾಗಿ ನಡೆಯುತ್ತಿರುವುದು ಈ ಪಕ್ಕೆಲುಬಿನ ದಾರಿಯೇ.

ಇಲ್ಲಿಯೇ ಮನೆಯವರ ಸಹನೆಗೆ ನಿಜವಾದ ಪರೀಕ್ಷೆ. ಶಾಲೆಗೆ ಸೇರುವ ಮೊದಲೇ ಮುಗಿಸಿಬಿಡಿ ಎಂದು ತಂದೆ ಅವಸರಪಡುತ್ತಾನೆ. ಶಸ್ತ್ರವೈದ್ಯರು ಕಾಯಲು ಹೇಳುತ್ತಾರೆ. ಕಿವಿಯ ಚೌಕಟ್ಟಿಗೆ ಬೇಕಾದಷ್ಟು ಮೃದ್ವಸ್ಥಿ ಎದೆಯಲ್ಲಿ ಬೆಳೆದಿರಬೇಕು. ಬ್ರೆಂಟರ ಪದ್ಧತಿಯಲ್ಲಿ ಮಗುವಿಗೆ ಆರು ವರ್ಷವಾದರೂ ಆಗಿರಬೇಕು. ನಗಾತಾ ಪದ್ಧತಿಯಲ್ಲಿ ಹತ್ತು ವರ್ಷ, ಎದೆಯ ಸುತ್ತಳತೆ 60 ಸೆಂಟಿಮೀಟರು. ಅವಸರಕ್ಕೆ ಇನ್ನೊಂದು ಅಪಾಯವೂ ಉಂಟು. ಅಂದಗೆಟ್ಟಿತೆಂದು ಇರುವ ತುಂಡನ್ನು ಯಾರಿಂದಲೋ ಕತ್ತರಿಸಿ ಹಾಕಿಸಿದರೆ ಮುಂದೆ ಹೊದಿಸಬೇಕಾದ ಚರ್ಮವೇ ಗಾಯದ ಕಲೆಯಾಗಿ ಕೆಡುತ್ತದೆ. ಆ ತುಂಡಿನಿಂದಲೇ ಬಹುಪಾಲು ಹೊಸ ಕಿವಿಯ ಹಾಲೆ ಸಿದ್ಧವಾಗುವುದು. ಮೂರು ನಾಲ್ಕರ ವಯಸ್ಸಿಗೇ ಮಾಡಬಹುದಾದ ಕೃತಕ ಪ್ಲಾಸ್ಟಿಕ್ ಚೌಕಟ್ಟಿನ ಪದ್ಧತಿಯೂ ಇದೆ. ಅದರಲ್ಲಿ ಎದೆಗೆ ಗಾಯವಿಲ್ಲ, ಆದರೆ ಪೆಟ್ಟು ಬಿದ್ದರೆ ಚೌಕಟ್ಟು ಚರ್ಮ ಹರಿದು ಹೊರಬರುವ ಭಯವಿದೆ. ಯಾವುದನ್ನೇ ಆರಿಸಲಿ, ಇಂಥ ಕಿವಿಗಳನ್ನು ತಾವು ಎಷ್ಟು ಕಟ್ಟಿದ್ದೀರಿ, ಭಾವಚಿತ್ರಗಳನ್ನು ತೋರಿಸುವಿರಾ ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿದ ಬಳಿಕ ದೂರದ ಊರಿಗೆ ಹೋಗಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಇದು ಕೆಲವೇ ಕೈಗಳಿಗೆ ಒಲಿದ ಕೆಲಸ.

ಕಾಯುವ ಆ ವರ್ಷಗಳಲ್ಲಿ ಮಗು ಮನೆಯವರನ್ನು ನೋಡಿ ಕಲಿಯುತ್ತದೆ. ನೆಂಟರು ಬಂದೊಡನೆ ತಾಯಿ ಅದರ ಕೂದಲನ್ನೆಳೆದು ಕಿವಿ ಮುಚ್ಚಿದರೆ, ಮುಚ್ಚಬೇಕಾದದ್ದೇನೋ ತನ್ನಲ್ಲಿದೆ ಎಂದು ಅದಕ್ಕೆ ತಿಳಿಯಲು ಬೇರೆ ಪಾಠ ಬೇಡ. “ಅಮ್ಮಾ, ನನಗೆ ಯಾಕೆ ಹೀಗೆ?” ಎಂದು ಕೇಳಿದಾಗ, “ನೀನು ಹುಟ್ಟಿದ್ದೇ ಹೀಗೆ, ಮಗಾ, ಇದು ಯಾರ ತಪ್ಪೂ ಅಲ್ಲ” ಎಂಬ ಉತ್ತರ ಸಾಕು. ಶಾಲೆಯಲ್ಲಿ ಅಡ್ಡಹೆಸರು ಬಿದ್ದಾಗಲೂ ಇದೇ ಉತ್ತರವನ್ನು ಮಗು ತನ್ನ ಬಾಯಿಂದಲೇ ಹೇಳಬಲ್ಲುದಾದರೆ ಕೀಟಲೆಯ ಅರ್ಧ ಬಿರುಸು ಇಳಿಯುತ್ತದೆ.

ಶಸ್ತ್ರಕ್ರಿಯೆ ಬೇಕೆಂಬ ಮಾತು ಮಗುವಿನ ಬಾಯಿಂದಲೂ ಬರಬೇಕು. ಬೇಡವೆಂದರೆ ಕೆಲವು ವರ್ಷ ತಡೆದರೆ ನಷ್ಟವಿಲ್ಲ. ಎಂದೂ ಮಾಡಿಸಿಕೊಳ್ಳದೆ ನೆಮ್ಮದಿಯಿಂದಿರುವವರೂ ಇದ್ದಾರೆ. ಒಪ್ಪಿದ ಮಗುವಿಗೆ ಸುಳ್ಳು ಹೇಳಬಾರದು. ಸೂಜಿಯೇ ಚುಚ್ಚುವುದಿಲ್ಲವೆಂದು ನಂಬಿಸಿ ಕರೆದೊಯ್ದರೆ ಎರಡನೆಯ ಹಂತಕ್ಕೆ ಅದನ್ನು ಹೊರಡಿಸುವುದು ದುಸ್ತರ. ಮಗುವಿಗೆ ಮುಂಚಿತವಾಗಿ ತಿಳಿಸಲೇಬೇಕಾದ ಸಂಗತಿಯೊಂದಿದೆ: ಎದ್ದ ಮೇಲೆ ನೋವು ಕಿವಿಗಿಂತ ಎದೆಯಲ್ಲಿಯೇ ಹೆಚ್ಚು. ಕೆಮ್ಮಿದರೆ, ನಕ್ಕರೆ ಕೆಲವು ದಿನ ಚುಳುಕ್ಕೆನ್ನುತ್ತದೆ. ಚರ್ಮವನ್ನು ಚೌಕಟ್ಟಿಗೆ ಅಂಟಿಸಿ ಹಿಡಿಯಲು ಸಣ್ಣ ಕೊಳವೆಗಳು ತಲೆಯ ಪಕ್ಕ ತೂಗುತ್ತವೆ. ಗೊಂಬೆಯೊಂದಕ್ಕೆ ಪಟ್ಟಿ ಕಟ್ಟಿ, ಕೊಳವೆ ಸಿಕ್ಕಿಸಿ ಆಟವಾಡಿಸಿದರೆ ಉಪದೇಶಕ್ಕಿಂತ ಹೆಚ್ಚು ಅರ್ಥವಾಗುತ್ತದೆ. ಇನ್ನೊಂದು ಕಿವಿಯ ಅಚ್ಚನ್ನು ಪಾರದರ್ಶಕ ಫಿಲ್ಮಿನ ಮೇಲೆ ಬರೆದು, ಮಗುಚಿ, ಅದನ್ನೇ ನೋಡಿ ಕೆತ್ತುತ್ತಾರೆಂದರೆ ಮಕ್ಕಳಿಗೆ ಭಯಕ್ಕಿಂತ ಕುತೂಹಲವೇ ಮುಂದಾಗುವುದುಂಟು.

ಹೊಸ ಕಿವಿ ಕೇಳಿಸಿಕೊಳ್ಳುವುದಿಲ್ಲ ಎಂಬುದನ್ನೂ ಮೊದಲೇ ಹೇಳಿರಬೇಕು. ಇಲ್ಲವಾದರೆ ಪಟ್ಟಿ ಬಿಚ್ಚಿದ ದಿನ ಅಜ್ಜಿ ಅದರ ಬಳಿ ಪಿಸುಗುಟ್ಟಿ ನೋಡಿ, ಮಗುವಿನ ಮುಖ ಬಾಡುವುದು ಖಂಡಿತ. ಮನೆಗೆ ಬಂದ ಮೇಲೆ ಆ ಮಗ್ಗುಲಲ್ಲಿ ಮಲಗುವಂತಿಲ್ಲ; ಕೆಲವು ವಾರ ಓಟವಿಲ್ಲ, ಕಬಡ್ಡಿಯಂತೂ ಬೇಡ. ಸುಮಾರು ಆರು ತಿಂಗಳು ಕಳೆದು ಎರಡನೆಯ ಹಂತದಲ್ಲಿ ಕಿವಿಯನ್ನು ತಲೆಯಿಂದ ಮೇಲೆತ್ತಿ ಹಿಂದೆ ಚರ್ಮ ಹೊದಿಸುತ್ತಾರೆ. ಮುಟ್ಟಿದರೆ ನಿಜವಾದ ಕಿವಿಗಿಂತ ಗಡುಸು. ಅದು ಅಷ್ಟು ಸುಲಭವಾಗಿ ಬಾಗದು. ಹೆಣ್ಣುಮಗುವಾದರೆ ಓಲೆಯ ಪ್ರಶ್ನೆ ಏಳುತ್ತದೆ: ವೈದ್ಯರನ್ನು ಕೇಳದೆ ಚುಚ್ಚಿಸಬಾರದು. ಆದರೆ ಆ ಕಿವಿ ಮಗುವಿನ ಸ್ವಂತ ಮೈಯದೇ. ಸ್ಪರ್ಶ ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಬರತೊಡಗುತ್ತದೆ. ಕನ್ನಡಕದ ಕಡ್ಡಿ ಮೊದಲ ಸಲ ಎರಡೂ ಕಡೆ ನಿಲ್ಲುತ್ತದೆ.