ಅಕ್ಷರರೇಖೆಯಿಂದ ಬಿಂದುಚಿತ್ರಕ್ಕೆ

ಹಸ್ತಪ್ರತಿಯ ಅಕ್ಷರರೂಪಗಳನ್ನು ಗಣಕಯಂತ್ರದಲ್ಲಿ ವೆಕ್ಟರ್ ಚಿತ್ರವಾಗಿ ಬರೆದಿರಿಸಿದಾಗ ಅಲ್ಲಿರುವುದು ರೇಖೆಗಳ ಗಣಿತ ಮಾತ್ರ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. ಅದನ್ನು ರಾಸ್ಟರ್ ಚಿತ್ರವಾಗಿಸುವುದೆಂದರೆ ಚೌಕಬಿಂದುಗಳ ಜಾಲರಿಗೆ ಇಳಿಸುವುದು. ಬಿಂದುಗಳ ಸಂಖ್ಯೆ ಆಗಲೇ ನಿಶ್ಚಿತವಾಗುತ್ತದೆ. ಅನಂತರ ಹಿಗ್ಗಿಸಿದರೆ ಹೊಸ ವಿವರ ಹುಟ್ಟದು.

ಕನ್ನಡ ಲಿಪಿಯಲ್ಲಿ ಇದು ಅಲ್ಪ ವಿಷಯವಲ್ಲ. ದಕಾರದಿಂದ ಧಕಾರವನ್ನು ಬೇರ್ಪಡಿಸುವುದು ತಳದ ಒಂದು ಸಣ್ಣ ಸೀಳು. ಅದು ಒಂದು ಬಿಂದುವಿಗಿಂತಲೂ ಕಿರಿದಾದರೆ ಮಸುಳಿಹೋಗಿ ‘ಧನ’ವು ‘ದನ’ವಾಗುತ್ತದೆ, ಇಂತಹ ಪಾಠಾಂತರಕ್ಕೆ ಪಾಪ, ಲಿಪಿಕಾರನು ಹೊಣೆಯಲ್ಲ! ಆದುದರಿಂದ ಮುದ್ರಣದ ಅಳತೆಯನ್ನು ಮೊದಲೇ ನಿರ್ಧರಿಸತಕ್ಕದ್ದು: 5 ಅಂಗುಲದ ಅಗಲಕ್ಕೆ, ಅಂಗುಲಕ್ಕೆ 600ರಂತೆ, 3000 ಬಿಂದುಗಳು. ಮೂಲ ವೆಕ್ಟರ್ ಕಡತವನ್ನು ಮಾತೃಕೆಯಂತೆ ಕಾಪಾಡಬೇಕು. ಪರಿವರ್ತಿತ ಕಡತವು ಪಿ.ಎನ್.ಜಿ. ರೂಪದಲ್ಲಿರಲಿ, ಜೆಪೆಗ್ ಛಾಯಾಚಿತ್ರಕ್ಕೆ ಒಪ್ಪುವುದಾದರೂ ತೀಕ್ಷ್ಣರೇಖೆಗಳ ಸುತ್ತ ಕಲೆಗಳನ್ನು ಎಬ್ಬಿಸುತ್ತದೆ.