ಐದು ವರ್ಷದಲ್ಲಿ 730 ದಿನ: ಕೆನಡಾದ ಪಿಆರ್ ಉಳಿಸಿಕೊಳ್ಳುವ ಲೆಕ್ಕ

ಕೆನಡಾದ ಪಿಆರ್ ಕಾರ್ಡಿನ ಮೇಲೆ ಅದರ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ಊರಿಗೆ ಬಂದವರು ವಾಪಸ್ ಟಿಕೆಟ್ ಮಾಡಿಸುವಾಗ ನೋಡುವುದು ಅದನ್ನೇ. ಆದರೆ ಕಾಯಂ ನಿವಾಸದ ಹಕ್ಕು ನಿಂತಿರುವುದು ಆ ದಿನಾಂಕದ ಮೇಲಲ್ಲ. ಕಾರ್ಡಿನ ಅವಧಿ ಮುಗಿದರೂ ಹಕ್ಕು ಉಳಿದಿರುತ್ತದೆ. ಕಾರ್ಡ್ ಚಾಲ್ತಿಯಲ್ಲಿದ್ದರೂ ಹಕ್ಕಿಗೆ ಕುತ್ತು ಬಂದಿರಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಧೈರ್ಯವಾಗಿದ್ದು ಕೆಡುತ್ತಾರೆ, ಇನ್ನು ಕೆಲವರು ಎಲ್ಲ ಮುಗಿಯಿತೆಂದು ಸುಮ್ಮನೆ ಕೈಬಿಡುತ್ತಾರೆ.

ನಿಯಮ ಇರುವುದು ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ನಿನಲ್ಲಿ. 2001ರಲ್ಲಿ ಅಂಗೀಕಾರವಾದ ಈ ಕಾಯ್ದೆ 2002ರ ಜೂನ್ 28ರಿಂದ ಜಾರಿಯಲ್ಲಿದೆ. ಪ್ರತಿ ಐದು ವರ್ಷದ ಅವಧಿಯಲ್ಲಿ ಕನಿಷ್ಠ 730 ದಿನ ಕೆನಡಾದ ನೆಲದ ಮೇಲಿರಬೇಕು ಎನ್ನುತ್ತದೆ ಅದು. ದಿನಗಳು ಒಂದೇ ಸಮನೆ ಇರಬೇಕಿಲ್ಲ. ಬಿಡಿಬಿಡಿಯಾಗಿ ಬಂದು ಹೋದರೂ ಆದೀತು. ಹೊರಟ ದಿನ, ಬಂದಿಳಿದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಇದಕ್ಕೂ ಹಿಂದಿನ 1976ರ ಕಾಯ್ದೆಯಲ್ಲಿ ಹನ್ನೆರಡು ತಿಂಗಳಲ್ಲಿ 183 ದಿನ ಮೀರಿ ಹೊರಗಿದ್ದರೆ, ಆ ಮನುಷ್ಯ ಕೆನಡಾವನ್ನು ಬಿಟ್ಟೇ ಹೋದ ಎಂದು ಭಾವಿಸುತ್ತಿದ್ದರು. ಬಿಡುವ ಮನಸ್ಸಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಅವನದೇ. ಈಗಿನ ಕಾಯ್ದೆ ಮೊದಲು ಮನಸ್ಸನ್ನು ಕೆದಕುವುದಿಲ್ಲ, ದಿನ ಎಣಿಸುತ್ತದೆ. ಅಪ್ಪ ಅಮ್ಮನ ಆರೈಕೆಗೆಂದು ವರ್ಷಗಟ್ಟಲೆ ಊರಿಗೆ ಬರಬೇಕಾದವರಿಗೆ ಇದು ದೊಡ್ಡ ಉಪಕಾರ.

ತೊಡಕಿರುವುದು 'ಐದು ವರ್ಷ' ಎಂಬುದರಲ್ಲಿ. ಅದು ಕಾರ್ಡಿನ ಐದು ವರ್ಷವಲ್ಲ. ಅಧಿಕಾರಿ ನಿಮ್ಮನ್ನು ಪ್ರಶ್ನಿಸಿದ ದಿನದಿಂದ ಹಿಂದಕ್ಕೆ ಎಣಿಸಿದ ಐದು ವರ್ಷ. ಹಾಗಾಗಿ ಅವಧಿ ದಿನಕ್ಕೊಂದು ದಿನ ಮುಂದೆ ಸರಿಯುತ್ತಲೇ ಇರುತ್ತದೆ, ಹಳೆಯ ದಿನಗಳು ಹಿಂದಿನಿಂದ ಒಂದೊಂದಾಗಿ ಉದುರುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಒಬ್ಬರು 2019ರ ಜುಲೈ 1ರಂದು ಪಿಆರ್ ಆಗಿ ಟೊರಾಂಟೊದಲ್ಲಿ ಇಳಿದರು. 2021ರ ಜೂನ್ 30ರವರೆಗೆ ಅಲ್ಲೇ ಇದ್ದರು. ನಡುವೆ 2020ರ ಫೆಬ್ರವರಿಗೆ 29 ದಿನ ಬಂದದ್ದರಿಂದ ಒಟ್ಟು 731 ದಿನ. ಆಮೇಲೆ ತಂದೆಯ ಕಾಯಿಲೆಗೆಂದು ಊರಿಗೆ ಬಂದರು. ಕಾರ್ಡ್ ಅವರ ಕೈಸೇರಿದ್ದು 2019ರ ನವೆಂಬರಿನಲ್ಲಿ, ಅದರ ಅವಧಿ 2024ರ ನವೆಂಬರಿನವರೆಗೆ. ನವೆಂಬರಿನೊಳಗೆ ಹೋದರಾಯಿತು ಎಂದುಕೊಂಡು 2024ರ ಅಕ್ಟೋಬರ್ 1ರಂದು ಟೊರಾಂಟೊದ ಪಿಯರ್ಸನ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಂದಿನಿಂದ ಹಿಂದಕ್ಕೆ ಎಣಿಸಿದರೆ ಅವಧಿ ಶುರುವಾಗುವುದು 2019ರ ಅಕ್ಟೋಬರ್ 1ಕ್ಕೆ. ಮೊದಲ ಮೂರು ತಿಂಗಳ 92 ದಿನ ಆಗಲೇ ಉದುರಿವೆ. ಉಳಿದದ್ದು 639, ಕೊರತೆ 91 ದಿನ. ಜೂನ್ ಕೊನೆಯೊಳಗೆ ಹೋಗಿದ್ದರೆ ಇದೇ ಮನುಷ್ಯನಿಗೆ ಯಾವ ತಕರಾರೂ ಇರುತ್ತಿರಲಿಲ್ಲ.

ಇಳಿದು ಇನ್ನೂ ಐದು ವರ್ಷ ತುಂಬದವರಿಗೆ ರಿಯಾಯಿತಿ ಇದೆ. ಉಳಿದಿರುವ ಕಾಲದಲ್ಲಿ 730 ದಿನ ತುಂಬಿಸಲು ಸಾಧ್ಯವಿದೆ ಎಂದು ತೋರಿಸಿದರೆ ಸಾಕು.

ಕೆನಡಾದ ಹೊರಗೆ ಕಳೆದ ಕೆಲವು ದಿನಗಳನ್ನೂ ಕಾಯ್ದೆ ಒಳಗಿನ ದಿನಗಳಂತೆಯೇ ಎಣಿಸುತ್ತದೆ. ಗಂಡನೋ ಹೆಂಡತಿಯೋ ಕೆನಡಾದ ಪ್ರಜೆಯಾಗಿದ್ದು, ಅವರ ಜೊತೆಗೆ ಹೊರದೇಶದಲ್ಲಿ ಬಾಳುತ್ತಿದ್ದರೆ ಆ ದಿನಗಳು ಸಲ್ಲುತ್ತವೆ. ಪ್ರಜೆಯಾದ ತಂದೆ ಅಥವಾ ತಾಯಿಯ ಜೊತೆಗಿರುವ ಮಗುವಿಗೂ ಹಾಗೆಯೇ. ಆದರೆ ಇದನ್ನು ತಿರುಗಿಸಿ ಓದುವಂತಿಲ್ಲ. ಮಿಸ್ಸಿಸಾಗದಲ್ಲಿ ಹುಟ್ಟಿದ ಕೂಸು ಹುಟ್ಟಿನಿಂದಲೇ ಕೆನಡಾದ ಪ್ರಜೆ. ಬಾಣಂತನಕ್ಕೆಂದು ತವರಿಗೆ ಬಂದ ತಾಯಿ ಪಿಆರ್. ಕೂಸು ಪ್ರಜೆಯಾಗಿರುವ ಕಾರಣಕ್ಕೆ ತಾಯಿ ಮೈಸೂರಿನಲ್ಲಿ ಕಳೆದ ದಿನಗಳು ಸೇರುವುದಿಲ್ಲ. ಮಗು ಅಲ್ಲಿಯದಾದ ಮೇಲೆ ತನಗೇನು ತೊಂದರೆ ಎಂಬ ನಂಬಿಕೆಯಲ್ಲಿ ಎರಡು ಮೂರು ವರ್ಷ ನೆಮ್ಮದಿಯಾಗಿ ಉಳಿದುಬಿಡುವ ತಾಯಂದಿರನ್ನು ನೆನೆದರೆ, ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕೆಲಸದ ವಿಷಯದಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಕೆನಡಾದ ಕಂಪನಿಗೋ ಅಲ್ಲಿನ ಸರ್ಕಾರಕ್ಕೋ ಪೂರ್ಣಾವಧಿ ದುಡಿಯುತ್ತ ಹೊರದೇಶದಲ್ಲಿದ್ದರೆ ಆ ದಿನಗಳು ಲೆಕ್ಕಕ್ಕಿವೆ. ಹಾಗೆ ದುಡಿಯುವ ಪಿಆರ್ ಜೊತೆಗಿರುವ ಗಂಡ ಅಥವಾ ಹೆಂಡತಿಗೂ ಸಲ್ಲುತ್ತವೆ. ಆದರೆ ಕಂಪನಿಯೇ ಆ ನೌಕರನನ್ನು ಹೊರಗಿನ ಹುದ್ದೆಗೋ, ತನ್ನ ಅಂಗಸಂಸ್ಥೆಗೋ, ಗ್ರಾಹಕರ ಬಳಿಗೋ ನಿಯೋಜಿಸಿ ಕಳಿಸಿರಬೇಕು. ಬೆಂಗಳೂರಿಗೆ ಮರಳಿ ಬಂದು, ಕೆನಡಾ ಮೂಲದ ಕಂಪನಿಯ ಇಲ್ಲಿನ ಕಚೇರಿಯಲ್ಲಿ ತಾನಾಗಿ ನೌಕರಿ ಹಿಡಿದರೆ ಅದು ನಿಯೋಜನೆ ಆಗುವುದಿಲ್ಲ. ಈ ದಿನ ತುಂಬಿಸುವುದಕ್ಕೆಂದೇ ಹುಟ್ಟುಹಾಕಿದ ಹೆಸರಿನ ಕಂಪನಿಯನ್ನೂ ನಿಯಮ ಒಪ್ಪುವುದಿಲ್ಲ.

ದಿನ ಕಡಿಮೆ ಬಿದ್ದರೆ ಏನಾಗುತ್ತದೆ? ಬಹುಮುಖ್ಯವಾದ ಸಂಗತಿ ಇಲ್ಲಿದೆ: ಪಿಆರ್ ತಾನಾಗಿ ಬಿದ್ದುಹೋಗುವುದಿಲ್ಲ. ಅಧಿಕಾರಿಯೊಬ್ಬರು ಪರಿಶೀಲಿಸಿ ತೀರ್ಮಾನಿಸಬೇಕು, ಆ ತೀರ್ಮಾನ ಅಂತಿಮವಾಗಬೇಕು. ಅಲ್ಲಿಯವರೆಗೆ ಅವರು ಪಿಆರ್ ಆಗಿಯೇ ಇರುತ್ತಾರೆ. ನಿಲ್ದಾಣದಲ್ಲಿ ಕೊರತೆ ಕಂಡ ಅಧಿಕಾರಿ ವರದಿ ಬರೆಯಬಹುದು, ಅದರ ಮೇಲೆ ದೇಶ ಬಿಡುವ ಆದೇಶವೂ ಆಗಬಹುದು. ಹಾಗಾದರೂ ಪಿಆರ್ ಆದವರಿಗೆ ಒಳಗೆ ಹೋಗುವ ಹಕ್ಕಿದೆ. 30 ದಿನದೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಅರ್ಜಿ ಹಾಕಿಕೊಂಡರೆ ಅದು ಇತ್ಯರ್ಥವಾಗುವವರೆಗೆ ಅಲ್ಲೇ ಇರಬಹುದು. ಆದರೆ ವರದಿ ಬರೆದ ಮೇಲೆ ಕಳೆದ ದಿನಗಳು ಕೊರತೆ ತುಂಬಲು ಬರುವುದಿಲ್ಲ. ವರದಿ ಬರೆಯದೆ ಒಳಗೆ ಬಿಟ್ಟರೆ ಕಥೆಯೇ ಬೇರೆ. ಹೊರಗೆ ಕಾಲಿಡದೆ ದಿನ ತುಂಬಿಸುತ್ತ ಹೋದರೆ ಲೆಕ್ಕ ಮತ್ತೆ ಸರಿಹೋಗುತ್ತದೆ. ಅಂಥವರು ದಿನ ತುಂಬುವ ಮೊದಲೇ ಕಾರ್ಡ್ ನವೀಕರಣಕ್ಕೆ ಅರ್ಜಿ ಹಾಕಿದರೆ ತಾವೇ ಪರಿಶೀಲನೆಯನ್ನು ಕರೆದುಕೊಂಡಂತೆ.

ಊರಿನಲ್ಲಿರುವಾಗಲೇ ಕಾರ್ಡಿನ ಅವಧಿ ತೀರಿದರೆ ವಿಮಾನ ಹತ್ತಲು ಪಿಆರ್ ಟ್ರಾವೆಲ್ ಡಾಕ್ಯುಮೆಂಟ್ ಬೇಕು. ಅದನ್ನು ಕೊಡುವ ಮುನ್ನ ದಿನಗಳ ಲೆಕ್ಕ ಆಗಿಯೇ ಆಗುತ್ತದೆ. ನಿರಾಕರಿಸಿದರೆ ಮೇಲ್ಮನವಿಗೆ 60 ದಿನದ ಕಾಲಾವಕಾಶ. ಪರಿಶೀಲನೆಯ ಹಿಂದಿನ 365 ದಿನಗಳಲ್ಲಿ ಒಮ್ಮೆಯಾದರೂ ಕೆನಡಾಕ್ಕೆ ಹೋಗಿದ್ದವರು ಮೇಲ್ಮನವಿ ಹಾಕಿದರೆ, ಮರಳಿ ಹೋಗಲು ದಾಖಲೆ ಕೊಡಲೇಬೇಕು ಎನ್ನುತ್ತದೆ ಕಾಯ್ದೆ.

ಮಾನವೀಯ ಕಾರಣಗಳನ್ನು ಪರಿಗಣಿಸಲು ಅದೇ 28ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಎಷ್ಟು ದಿನ ಕಡಿಮೆ, ಯಾಕೆ ಹೊರಗೆ ಉಳಿದರು, ಕಾರಣ ತೀರಿದ ಕೂಡಲೇ ಮರಳಲು ಪ್ರಯತ್ನಪಟ್ಟರೇ, ಕೆನಡಾದಲ್ಲಿ ಬೇರು ಎಷ್ಟಿದೆ, ಮಕ್ಕಳ ಹಿತ ಏನಾಗುತ್ತದೆ ಎಂಬುದನ್ನೆಲ್ಲ ತೂಗಿನೋಡುತ್ತಾರೆ. ತಂದೆಗೆ ಪಾರ್ಶ್ವವಾಯು ಆಗಿತ್ತು ಎಂದು ಬರೀ ಬಾಯಲ್ಲಿ ಹೇಳಿದರೆ ಸಾಲದು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ವೈದ್ಯರ ಪತ್ರ, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ ಎನ್ನುವುದಕ್ಕೆ ಆಧಾರ ಬೇಕು. ಆರೈಕೆಯ ಓಡಾಟದ ನಡುವೆ ಕಾಗದ ಕೂಡಿಡುವ ವ್ಯವಧಾನ ಯಾರಿಗೂ ಇರುವುದಿಲ್ಲ, ನಿಜ. ಆದರೂ ಒಂದು ಫೈಲಿಗೆ ಹಾಕುತ್ತ ಹೋಗಬೇಕು. ನವೀಕರಣದ ಅರ್ಜಿಯಲ್ಲಿ ಐದು ವರ್ಷದ ಪ್ರತಿ ಪ್ರಯಾಣವನ್ನೂ ಬರೆಯಬೇಕಾಗುವುದರಿಂದ, ಹೋದ ದಿನ ಬಂದ ದಿನಗಳನ್ನು ಆಗಿಂದಾಗ್ಗೆ ಗುರುತು ಹಾಕಿಕೊಂಡು ಹಳೆಯ ಪಾಸ್‌ಪೋರ್ಟನ್ನೂ ಜೋಪಾನವಾಗಿಡಬೇಕು. ದಿನ ಕಡಿಮೆಯಿದ್ದರೂ ತುಂಬಿವೆ ಎಂದು ಬರೆಯುವುದು ಕೊರತೆಗಿಂತ ದೊಡ್ಡ ತಪ್ಪು. ಕೆನಡಾದ ಗಡಿ ಸೇವಾ ಸಂಸ್ಥೆಯ ಬಳಿ ಈಗ ಒಳಬಂದದ್ದರ ಜೊತೆಗೆ ಹೊರಹೋದದ್ದರ ದಾಖಲೆಯೂ ಇರುತ್ತದೆ.

ಪೌರತ್ವ ಪಡೆದರೆ ಈ ಎಣಿಕೆಯೇ ಇರುವುದಿಲ್ಲ; ಅದಕ್ಕೆ ಐದು ವರ್ಷದಲ್ಲಿ 1,095 ದಿನ ಬೇಕು. ಆದರೆ ಭಾರತದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸಾಗದೆ ಪಿಆರ್ ಆಗಿಯೇ ಉಳಿಯುವ ಕನ್ನಡಿಗರಿಗೆ 730 ದಿನದ ಲೆಕ್ಕ ಬದುಕಿಡೀ ಜೊತೆಗಿರುತ್ತದೆ.

ಇನ್ನು, ಮಕ್ಕಳು ಸ್ಪಾನ್ಸರ್ ಮಾಡಿ ಕರೆಸಿಕೊಂಡ ಹಿರಿಯರು. ಅಲ್ಲಿನ ಚಳಿಗೆ ಒಗ್ಗದೆ ವಾಪಸ್ ಬಂದು ಹಾಸನದಲ್ಲೋ ಉಡುಪಿಯಲ್ಲೋ ನೆಲೆಸಿರುತ್ತಾರೆ. ಮೊಮ್ಮಕ್ಕಳನ್ನು ನೋಡಿಬರಲು ವಿಸಿಟರ್ ವೀಸಾ ಕೇಳಿದರೆ ಸಿಗುವುದಿಲ್ಲ, ಯಾಕೆಂದರೆ ದಾಖಲೆಯಲ್ಲಿ ಅವರಿನ್ನೂ ಪಿಆರ್. ಹೋಗಿ ನೆಲೆಸುವ ಯೋಚನೆ ನಿಜಕ್ಕೂ ಇಲ್ಲವೆಂದಾದರೆ ತಾವಾಗಿಯೇ ಪಿಆರ್ ಬಿಟ್ಟುಕೊಡುವ ಅರ್ಜಿ ಹಾಕಬಹುದು; ಅದಕ್ಕೆ ಶುಲ್ಕವಿಲ್ಲ. ಮುಂದೆ ಮನಸ್ಸು ಬದಲಾದರೆ ಮಾತ್ರ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಬಿಟ್ಟುಕೊಟ್ಟ ಮೇಲೆ ತಂದೆತಾಯಿಗಳಿಗೂ ಅಜ್ಜ ಅಜ್ಜಿಯರಿಗೂ ಮೀಸಲಾದ ಸೂಪರ್ ವೀಸಾಕ್ಕೆ ಪ್ರಯತ್ನಿಸಬಹುದು. 2022ರಿಂದ ಅದರಲ್ಲಿ ಒಮ್ಮೆ ಹೋದರೆ ಐದು ವರ್ಷದವರೆಗೂ ಮಕ್ಕಳ ಮನೆಯಲ್ಲಿರಲು ಅವಕಾಶವಿದೆ.