ಗೋಡೆಯ ಚಿತ್ರಕ್ಕೂ ಬೇಕು ಮೂಲಪತ್ರ

ಸೈಟು ಕೊಳ್ಳುವಾಗ ನಾವು ಬಲು ಜಾಣರು. ಮೂಲಪತ್ರ ತೋರಿಸಿ, ಖಾತೆ ಯಾರ ಹೆಸರಲ್ಲಿದೆ, 30 ವರ್ಷದ ಇಸಿ ತೆಗೆಸಿದ್ದೀರಾ ಎಂದು ಮಾರುವವರ ಬೆವರಿಳಿಸುತ್ತೇವೆ. ಅದೇ ನಾವು ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, 20 ಸಾವಿರ ಹೇಳಿದ ಕ್ಯಾನ್ವಾಸನ್ನು 15ಕ್ಕೆ ಇಳಿಸಿ, ಫೋನಿನಲ್ಲೇ ದುಡ್ಡು ಕೊಟ್ಟು, ಸುರುಳಿ ಸುತ್ತಿಸಿಕೊಂಡು ಮನೆಗೆ ಬರುತ್ತೇವೆ. ಒಂದು ಚೀಟಿಯನ್ನೂ ಕೇಳುವುದಿಲ್ಲ. ಮೂಲೆಯಲ್ಲಿ ಸಹಿ ಇದೆಯಲ್ಲ!

ಸಹಿಯನ್ನು ನಂಬಿ ಕೆಟ್ಟವರಿದ್ದಾರೆ. ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ ಮಾರಿದ ಒಂದು 'ಜಾಕ್ಸನ್ ಪೊಲಾಕ್' ಚಿತ್ರದಲ್ಲಿ ಕಲಾವಿದನ ಹೆಸರಿನ ಕಾಗುಣಿತವೇ ತಪ್ಪಿತ್ತು, ಒಂದು ಅಕ್ಷರ ಮಾಯವಾಗಿತ್ತು. ನೂರೈವತ್ತು ವರ್ಷ ಮೀರಿ ಬಾಳಿದ ಆ ಗ್ಯಾಲರಿ ನಕಲಿ ಚಿತ್ರಗಳ ಹಗರಣದ ನಡುವೆ 2011ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥ ಟ್ಯಾಗೋರರವೆಂದು ಪ್ರದರ್ಶನಕ್ಕಿಟ್ಟ 20 ಚಿತ್ರಗಳು ಅವರವಲ್ಲವೆಂದು ಪುರಾತತ್ವ ಇಲಾಖೆ ವರದಿ ಕೊಟ್ಟಿತು. ಟ್ಯಾಗೋರರು ಹೋಗಿ ಆಗಲೇ 70 ವರ್ಷ. 'ಇದು ನನ್ನದಲ್ಲ' ಎನ್ನಲು ಅವರಿರಲಿಲ್ಲ.

ಬದುಕಿರುವ ಕಲಾವಿದರಿಗೆ 'ಇದು ನನ್ನದೇ' ಎಂದು ಬರೆದುಕೊಡುವುದು ಅರ್ಧ ಗಂಟೆಯ ಕೆಲಸ. ಗ್ಯಾಲರಿಯವರ ಬಾಯಲ್ಲಿ 'ಸಿಒಎ' ಆಗಿರುವ ಈ ಅಸಲಿತನದ ಪ್ರಮಾಣಪತ್ರಕ್ಕೆ ಬಂಗಾರದ ಅಂಚು, ಹೂಬಳ್ಳಿ ಯಾವುದೂ ಬೇಡ. ಚಿತ್ರದ ಹೆಸರು, ಬರೆದ ವರ್ಷ, ಮಾಧ್ಯಮ, ಅಳತೆ ಇರಬೇಕು. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅದು ಈ ಲೋಕದ ರೂಢಿ. ಮಾಧ್ಯಮವನ್ನು ಬರೀ 'ಪೇಂಟಿಂಗ್' ಎಂದು ತೇಲಿಸದೆ 'ಕ್ಯಾನ್ವಾಸ್ ಮೇಲೆ ಅಕ್ರಿಲಿಕ್' ಎಂದು ಬಿಡಿಸಿ ಬರೆಯಬೇಕು. ಎಚ್ಚಿಂಗ್‌ನಂಥ ಮುದ್ರಣ ಕೃತಿಯಾದರೆ ಎಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು, 3/25 ಎಂಬಂತೆ, ನಮೂದಿಸಬೇಕು. ಒಂದು ಫೋಟೊ ಅಂಟಿಸಿ, ಕೆಳಗೆ ಸಹಿ, ತಾರೀಖು. ನನ್ನನ್ನು ಕೇಳಿದರೆ ಚಿತ್ರದ ಬೆನ್ನಿನ ಫೋಟೊ ಕೂಡ ಇರಲಿ ಎನ್ನುತ್ತೇನೆ. ಮುಖ ನಕಲು ಮಾಡುವವನು ಬೆನ್ನಿನ ಕಟ್ಟಿಗೆಯ ಗಂಟು, ಮೊಳೆಯ ಸಾಲು, ಬಣ್ಣ ಸೋರಿದ ಕಲೆಗಳನ್ನೆಲ್ಲ ಹೊಂದಿಸುವ ಗೋಜಿಗೆ ಹೋಗುವುದು ಕಷ್ಟ.

ಇನ್ನೊಂದು ಸಾಲು ಸೇರಿಸಿದರೆ ಮುಂದಿನ ಜಗಳ ತಪ್ಪುತ್ತದೆ: ಕೃತಿಸ್ವಾಮ್ಯ ಕಲಾವಿದರದೇ. 1957ರ ಕಾಯ್ದೆಯ ಪ್ರಕಾರ ಚಿತ್ರ ಕೊಂಡ ಮಾತ್ರಕ್ಕೆ ಅದನ್ನು ಕ್ಯಾಲೆಂಡರಿಗೆ ಹಾಕುವ ಹಕ್ಕು ಬರುವುದಿಲ್ಲ. ದುಡ್ಡು ಕೊಟ್ಟು ಹೇಳಿ ಬರೆಸಿಕೊಂಡ ಭಾವಚಿತ್ರದ ಮಾತು ಬೇರೆ.

ಕಾಗದವನ್ನೇ ನಕಲು ಮಾಡಿದರೆ? ಮಾಡಿದವನಿದ್ದಾನೆ. ಇಂಗ್ಲೆಂಡಿನ ಜಾನ್ ಮಯಾಟ್ ಎಂಬ ಚಿತ್ರಕಾರ ಗೋಡೆಗೆ ಬಳಿಯುವ ಎಮಲ್ಶನ್ ಬಣ್ಣದಲ್ಲಿ ದೊಡ್ಡವರ ಹೆಸರಿನ ಚಿತ್ರ ಬರೆದುಕೊಡುತ್ತಿದ್ದ. ಮಾರುತ್ತಿದ್ದವನು ಜಾನ್ ಡ್ರೂ. ಈತ ಲಂಡನ್ನಿನ ಟೇಟ್ ಗ್ಯಾಲರಿಗೆ ದೇಣಿಗೆ ಕೊಟ್ಟು ವಿಶ್ವಾಸ ಗಳಿಸಿ, ಅದರ ದಾಖಲೆ ಭಂಡಾರದೊಳಗೇ ಸುಳ್ಳು ಕಾಗದಗಳನ್ನು ಸೇರಿಸಿಟ್ಟ. ಕೊಳ್ಳುವವರು ಹೋಗಿ ಹುಡುಕಿದರೆ ಚಿತ್ರದ 'ಇಸಿ' ಅಲ್ಲಿ ಸಿದ್ಧ! 1999ರಲ್ಲಿ ಜೈಲಿಗೆ ಹೋದ.

ಆದ್ದರಿಂದಲೇ ಬಿಡಿ ಹಾಳೆಗಿಂತ ಅದರ ಹಿಂದಿನ ಪುಸ್ತಕ ದೊಡ್ಡದು. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ. ಅದೇ ಸಂಖ್ಯೆ ಕ್ಯಾನ್ವಾಸಿನ ಹಿಂದೆ, ಅದೇ ಪ್ರಮಾಣಪತ್ರದಲ್ಲಿ, ಅದೇ ಕಲಾವಿದರ ಮನೆಯ ರಿಜಿಸ್ಟರಿನಲ್ಲಿ. ಯಾರಿಗೆ, ಯಾವತ್ತು, ಎಷ್ಟಕ್ಕೆ ಮಾರಿದ್ದು ಎಂಬುದೂ ಅಲ್ಲೇ. ನೂರು ರೂಪಾಯಿಯ ಲೆಕ್ಕದ ಪುಸ್ತಕ ಸಾಕು. ಹೊಳೆಯುವ ಹಾಲೊಗ್ರಾಂ ಬೇಕಿದ್ದರೆ ಹಚ್ಚಿಕೊಳ್ಳಲಿ, ಬೇಡವೆನ್ನುವುದಿಲ್ಲ.

ಕಾಗದವಿಲ್ಲದೆ ಬರೀ ಬಾಯಿಮಾತು ಉಳಿದರೆ ಏನಾಗುತ್ತದೆ ನೋಡಿ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ 'ತಾತ ತಂದ ಒರಿಜಿನಲ್ ರವಿವರ್ಮ' ತೂಗುತ್ತಿರುತ್ತದೆ. ಭೂತಗನ್ನಡಿ ಹಿಡಿದರೆ ಬಣ್ಣದ ಚುಕ್ಕಿಗಳು ಕಾಣುತ್ತವೆ. ಹೆಚ್ಚಿನವು ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಪ್ರೆಸ್ಸಿನಂಥ ಕಡೆ ಅಚ್ಚಾದ ಪ್ರತಿಗಳು. ಅದನ್ನು ಹೇಳಿ ಮನೆಯವರ ಮುಖ ಸಪ್ಪಗಾಗಿಸುವ ಧೈರ್ಯ ನನಗಂತೂ ಇಲ್ಲ.

ಕೊಂಡವರಿಗೆ ಒಂದು ಮಾತು. ಪ್ರಮಾಣಪತ್ರವನ್ನು ಫ್ರೇಮಿನ ಹಿಂದೆ ಅಂಟಿಸಬೇಡಿ. ಹತ್ತು ವರ್ಷದ ಮೇಲೆ ಫ್ರೇಮು ಬದಲಿಸುವಾಗ ಅಂಗಡಿಯ ಹುಡುಗ ಹಳೆಯ ರಟ್ಟಿನ ಜೊತೆಗೆ ಅದನ್ನೂ ಕಿತ್ತು ಎಸೆಯುತ್ತಾನೆ. ಬೀರುವಿನಲ್ಲಿ ಸೈಟಿನ ಕ್ರಯಪತ್ರ ಇಟ್ಟ ಫೈಲಿನಲ್ಲೇ ಇದಕ್ಕೂ ಒಂದು ಜಾಗ ಮಾಡಿ.